ಕೈ ಎತ್ತಿಸಿದ ಪ್ರಶ್ನೆ: ಹಿರೋಶಿಮಾ ಪಾಠದ ಒಂದು ಪ್ರಕರಣ

ಕೈ ಎಣಿಕೆ ಮುಗಿದಾಗ ಗೆದ್ದ ತಂಡದವರು ಬೆಂಚು ಬಡಿದು ಸಂಭ್ರಮಿಸಿದರು. ಚರ್ಚೆಯ ವಿಷಯ ‘ಜಪಾನಿನ ಮೇಲೆ ಅಣುಬಾಂಬು ಹಾಕಿದ್ದು ಸರಿಯೋ ತಪ್ಪೋ’ ಎಂಬುದು. ಗೆದ್ದವರು ‘ಸರಿ’ ಎಂದವರು. ಅವರ ನಾಯಕ ಮಾತಿನಲ್ಲಿ ಬಲು ಚುರುಕಾದ ಹುಡುಗ. ಕೊನೆಯ ಎರಡು ನಿಮಿಷದಲ್ಲಿ ಎದ್ದು ಬಂದು ಕಪ್ಪುಹಲಗೆಯ ಮೇಲೆ ಎಡಕ್ಕೆ 10 ಲಕ್ಷ, ಬಲಕ್ಕೆ 2 ಲಕ್ಷ ಎಂದು ಬರೆದ. ಒಂದರಿಂದ ಇನ್ನೊಂದನ್ನು ಕಳೆದ. ‘ಉಳಿದದ್ದು 8 ಲಕ್ಷ ಜೀವ’ ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟ. ತರಗತಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಆ ಚಪ್ಪಾಳೆಯಿಂದಲೇ ಈ ಪ್ರಕರಣ ಶುರುವಾಗುತ್ತದೆ. ಹದಿನೈದು ಹದಿನಾರರ ವಯಸ್ಸಿನ ಮಕ್ಕಳಿಗೆ ಎರಡನೆಯ ಮಹಾಯುದ್ಧವನ್ನು ಹಲವು ವರ್ಷ ಕಲಿಸಿದವನು ನಾನು. ಅಣುಬಾಂಬಿನ ಬಗ್ಗೆ ಪಠ್ಯಪುಸ್ತಕದಲ್ಲಿ ಇದ್ದದ್ದು ಎರಡೇ ವಾಕ್ಯ: 1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ, ಆಮೇಲೆ ಜಪಾನ್ ಶರಣಾಯಿತು. ಆ ವರ್ಷ ಎರಡು ವಾಕ್ಯಕ್ಕೆ ನಾಲ್ಕು ಅವಧಿ ಕೊಡುತ್ತೇನೆಂದು ಹಟ ಹಿಡಿದೆ. ಕೊನೆಗೆ ಎಂಟು ಹಿಡಿಯಿತು. ಮೊದಲ ಮೂರು ಅವಧಿ ಹೇಗೆ ಕೆಟ್ಟವು, ಮಿಕ್ಕವು ಎಷ್ಟರ ಮಟ್ಟಿಗೆ ಸುಧಾರಿಸಿದವು ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲ ಮೂರು ಅವಧಿ

ಮೊದಲ ದಿನ ಅಣಬೆ ಮೋಡದ ಚಿತ್ರ ತೋರಿಸಿದೆ. ಎಲ್ಲರೂ ತೋರಿಸುವುದು ಅದನ್ನೇ. ಯುರೇನಿಯಂ ಮತ್ತು ಪ್ಲುಟೋನಿಯಂ, ಸುಮಾರು 15 ಕಿಲೋಟನ್ ಮತ್ತು ಸುಮಾರು 21 ಕಿಲೋಟನ್ ಎಂದೆಲ್ಲ ವಿವರಿಸಿದೆ. ವಿಜ್ಞಾನದಲ್ಲಿ ಆಸಕ್ತಿಯಿದ್ದ ಒಬ್ಬಳು, ‘ಅಣು ಎಂದರೆ ಬೇರೆ, ಪರಮಾಣು ಎಂದರೆ ಬೇರೆ, ಇದು ಪರಮಾಣು ಬಾಂಬು ಅಲ್ಲವೇ?’ ಎಂದು ತಿದ್ದಿದಳು. ಅವಳು ಹೇಳಿದ್ದು ಸರಿ. ಕನ್ನಡದಲ್ಲಿ ಅಣುಬಾಂಬು ಎಂಬುದು ಎಷ್ಟು ಬೇರೂರಿದೆಯೆಂದರೆ ನಾನು ಅದನ್ನೇ ಬಳಸುತ್ತಾ ಬಂದಿದ್ದೇನೆ, ಇಲ್ಲೂ ಬಳಸುತ್ತೇನೆ. ಮಕ್ಕಳು ಸ್ಫೋಟದ ವ್ಯಾಸ, ಉಷ್ಣತೆ, ವಿಮಾನದ ಎತ್ತರ ಕೇಳಿದರು. ತುಂಬ ಆಸಕ್ತಿಯ ತರಗತಿ. ಕೆಳಗೆ ಒಂದು ಊರಿತ್ತು ಎಂಬ ಮಾತು ಆ ನಲವತ್ತೈದು ನಿಮಿಷದಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ ಎಂಬುದು ಸಂಜೆ ಹೊಳೆಯಿತು.

ಅದನ್ನು ಸರಿಪಡಿಸಲು ಹೋಗಿ ಎರಡನೆಯ ದಿನ ಇನ್ನೂ ದೊಡ್ಡ ತಪ್ಪು ಮಾಡಿದೆ. ಸುಟ್ಟ ದೇಹಗಳ ಚಿತ್ರಗಳನ್ನು ಒಂದಾದ ಮೇಲೊಂದರಂತೆ ಪರದೆಯ ಮೇಲೆ ಹಾಕಿದೆ. ಮುನ್ಸೂಚನೆ ಕೊಡಲಿಲ್ಲ. ಒಬ್ಬಳು ಎದ್ದು ಹೊರಗೆ ಹೋದಳು. ಹಿಂದಿನ ಬೆಂಚಿನಲ್ಲಿ ಒಬ್ಬ ನಕ್ಕ. ನಾನು ಅವನನ್ನು ಗದರಿದೆ. ಈಗ ಯೋಚಿಸಿದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ: ನೋಡಲಾಗದ್ದರಿಂದ ತಪ್ಪಿಸಿಕೊಂಡದ್ದು. ಒಬ್ಬಳಿಗೆ ಬಾಗಿಲು ಹತ್ತಿರವಿತ್ತು, ಇನ್ನೊಬ್ಬನಿಗೆ ಇರಲಿಲ್ಲ. ಗದರಿಸಿಕೊಳ್ಳಬೇಕಾದವನು ನಾನಾಗಿದ್ದೆ.

ಮೂರನೆಯ ದಿನ ಚರ್ಚೆ. ಅದರ ಫಲವನ್ನು ಮೊದಲೇ ಹೇಳಿದ್ದೇನೆ. ಅವತ್ತು ಸಂಜೆ ಟಿಪ್ಪಣಿ ಪುಸ್ತಕಗಳನ್ನು ತಿದ್ದುವಾಗ, ಸೋತ ತಂಡದ ಒಬ್ಬ ಹುಡುಗಿ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಕಣ್ಣಿಗೆ ಬಿತ್ತು: ‘ಆ 10 ಲಕ್ಷ ಯಾರು ಎಣಿಸಿದ್ದು?’

ಹತ್ತು ಲಕ್ಷದ ಜಾತಕ

ನನಗೆ ಉತ್ತರ ಗೊತ್ತಿರಲಿಲ್ಲ. ಆ ಸಂಖ್ಯೆಯನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ನಾನೇ ಬರೆದಿದ್ದೆ; ಹುಡುಗ ಅದನ್ನು ಕಲಿತದ್ದು ನನ್ನಿಂದಲೇ. ಹುಡುಕಿಕೊಂಡು ಹೋದಾಗ ದಾರಿ ನಿಂತದ್ದು 1945ರಲ್ಲಲ್ಲ, 1947ರ ಫೆಬ್ರುವರಿಯಲ್ಲಿ. ಯುದ್ಧಕಾಲದ ಅಮೆರಿಕದ ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಹಾರ್ಪರ್ಸ್ ನಿಯತಕಾಲಿಕದಲ್ಲಿ ಒಂದು ಲೇಖನ ಬರೆದರು. ಜಪಾನಿನ ಮೇಲೆ ದಂಡೆತ್ತಿ ಹೋಗಿದ್ದರೆ ಅಮೆರಿಕದ ಪಡೆಗಳಿಗೇ ಹತ್ತು ಲಕ್ಷಕ್ಕೂ ಮೀರಿದ ಸಾವುನೋವು ಆಗಬಹುದೆಂದು ತಮಗೆ ತಿಳಿಸಲಾಗಿತ್ತು ಎಂದು ಅದರಲ್ಲಿ ಹೇಳಿದರು. ಬಾಂಬಿನ ಬಗ್ಗೆ ಅಮೆರಿಕದಲ್ಲೇ ಟೀಕೆ ಏಳತೊಡಗಿದ್ದ ಹೊತ್ತು ಅದು. ಲೇಖನ ಬರೆಯಿರಿ ಎಂದು ಸ್ಟಿಮ್ಸನ್ ಅವರನ್ನು ಒತ್ತಾಯಿಸಿದವರಲ್ಲಿ ಬಾಂಬು ಯೋಜನೆಯ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಜೇಮ್ಸ್ ಕೊನಾಂಟ್ ಪ್ರಮುಖರು.

ಈ ವಾಕ್ಯದಲ್ಲಿ ನಮ್ಮ ಭಾಷೆಯ ಮಕ್ಕಳಿಗೆ ಒಂದು ಅನುಕೂಲವಿದೆ, ಅದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಸಾವುನೋವು ಎಂಬ ಮಾತಿನಲ್ಲಿ ಸಾವೂ ಇದೆ, ನೋವೂ ಇದೆ. ಸೇನೆಯ ಲೆಕ್ಕದಲ್ಲಿ ಆ ಶಬ್ದಕ್ಕೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲರೂ ಸೇರುತ್ತಾರೆ. ಸತ್ತವರು ಅದರಲ್ಲಿ ಒಂದು ಪಾಲು ಮಾತ್ರ. ಬೋರ್ಡಿನ ಮೇಲೆ ಬರುವಷ್ಟರಲ್ಲಿ ‘ನೋವು’ ಕಳಚಿ ಬಿದ್ದು ಹತ್ತು ಲಕ್ಷ ‘ಸಾವು’ ಆಗಿತ್ತು. ಬಲಗಡೆಯ 2 ಲಕ್ಷದಲ್ಲಾದರೋ ಇದ್ದದ್ದು ಸಾವುಗಳೇ: 1945ರ ಕೊನೆಯ ಹೊತ್ತಿಗೆ ಹಿರೋಶಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 74,000. ಹುಡುಗ ಕಳೆದದ್ದು ಒಂದೇ ಜಾತಿಯ ಎರಡು ಸಂಖ್ಯೆಗಳನ್ನಲ್ಲ. ಸಾಲದ್ದಕ್ಕೆ ಒಂದು ನಡೆದದ್ದು, ಇನ್ನೊಂದು ನಡೆಯದೇ ಹೋದದ್ದು.

1945ರಲ್ಲಿ ಇದ್ದ ಲೆಕ್ಕವಾದರೂ ಯಾವುದು? ಜೂನ್ 18ರಂದು ಶ್ವೇತಭವನದಲ್ಲಿ ಒಂದು ಸಭೆ ನಡೆಯಿತು. ನವೆಂಬರ್ 1ರಂದು ಜಪಾನಿನ ಕ್ಯೂಶೂ ದ್ವೀಪದ ಮೇಲೆ ಇಳಿಯುವ ಯೋಜನೆ ಚರ್ಚೆಗೆ ಬಂತು. ಮೊದಲ ಮೂವತ್ತು ದಿನಗಳ ನಷ್ಟ ಫಿಲಿಪೀನ್ಸಿನ ಲೂಜಾನ್‌ನಲ್ಲಿ ತೆತ್ತದ್ದಕ್ಕಿಂತ ಹೆಚ್ಚಾಗಲಿಕ್ಕಿಲ್ಲ ಎಂದರು ಸೇನಾ ಮುಖ್ಯಸ್ಥ ಜನರಲ್ ಮಾರ್ಷಲ್; ಲೂಜಾನ್‌ನ ಸಾವುನೋವು ಸುಮಾರು 31,000. ಅಧ್ಯಕ್ಷರ ಸೇನಾ ಸಲಹೆಗಾರ ಅಡ್ಮಿರಲ್ ಲೇಹಿ ಜಪಾನಿನ ಒಕಿನಾವಾ ದ್ವೀಪದ ಪ್ರಮಾಣವನ್ನು ಎತ್ತಿದರು, ಅಲ್ಲಿ ಪಡೆಯ ಶೇಕಡಾ 35ರಷ್ಟು ಮಂದಿ ಸತ್ತಿದ್ದರು ಅಥವಾ ಗಾಯಗೊಂಡಿದ್ದರು ಎಂದು. ಆ ಪ್ರಮಾಣವನ್ನು ಹಿಡಿದರೆ ಲೆಕ್ಕ ಲಕ್ಷಗಳಿಗೆ ಏರುತ್ತದೆ. ಮೇಜಿನ ಸುತ್ತ ಕುಳಿತವರ ನಡುವೆಯೇ ಒಂದು ಖಚಿತ ಅಂಕಿ ಇರಲಿಲ್ಲ.

ಇದನ್ನು ಕಂಡು ನನಗೆ ‘ಸುಳ್ಳು ಬಯಲಾಯಿತು’ ಎಂಬ ಉಮೇದು ಬಂದದ್ದುಂಟು. ಮರುದಿನ ಅದೇ ಉಮೇದಿನಲ್ಲಿ ತರಗತಿಗೆ ಹೋಗಿದ್ದರೆ ನಾಲ್ಕನೆಯ ತಪ್ಪು ಮಾಡುತ್ತಿದ್ದೆ. ತಡೆದದ್ದು ಒಕಿನಾವಾ. ಏಪ್ರಿಲಿನಿಂದ ಜೂನ್‌ವರೆಗಿನ ಆ ಯುದ್ಧದಲ್ಲಿ 12,000ಕ್ಕೂ ಹೆಚ್ಚು ಅಮೆರಿಕನ್ನರು, ಸುಮಾರು ಒಂದು ಲಕ್ಷ ಸಾಮಾನ್ಯ ಒಕಿನಾವಾ ಜನ ಸತ್ತಿದ್ದರು. ಕ್ಯೂಶೂವಿನಲ್ಲಿ ಜಪಾನ್ ತನ್ನ ಸೇನೆಯನ್ನು ಬೇಸಿಗೆಯುದ್ದಕ್ಕೂ ಹೆಚ್ಚಿಸುತ್ತಿತ್ತು, ಅದು ಅಮೆರಿಕಕ್ಕೆ ಗೂಢಲಿಪಿ ಭೇದದಿಂದ ತಿಳಿಯುತ್ತಲೂ ಇತ್ತು. ಹತ್ತು ಲಕ್ಷ ಎಂಬುದು ಆಮೇಲೆ ದೃಢವಾದ ಸಂಖ್ಯೆ ಇರಬಹುದು. ಭಯ ಮಾತ್ರ ಆಗಲೇ ಇತ್ತು.

ದಿನಾಂಕದ ಹಾಳೆಗಳು

ನಾಲ್ಕನೆಯ ಅವಧಿಗೆ ಪ್ರಶ್ನೆಯನ್ನೇ ಬದಲಾಯಿಸಿದೆ. ‘ಸರಿಯೋ ತಪ್ಪೋ’ ಎಂದು ಕೇಳಿದ ಕೂಡಲೇ ಮಕ್ಕಳ ಕಲ್ಪನೆಯಲ್ಲಿ ಒಂದು ಕೋಣೆ, ಒಬ್ಬ ಅಧ್ಯಕ್ಷ, ಒಂದು ಗುಂಡಿ ಬಂದು ನಿಲ್ಲುತ್ತವೆ. ಟ್ರೂಮನ್ ಒತ್ತಬೇಕೇ ಬೇಡವೇ, ಅಷ್ಟೇ. ಕಾಗದಪತ್ರಗಳನ್ನು ಓದಿದರೆ ಅಂಥ ಕೋಣೆ ಎಲ್ಲೂ ಸಿಗುವುದಿಲ್ಲ. ಹಾಗಾಗಿ ಒಂದೊಂದು ದಿನಾಂಕಕ್ಕೆ ಒಂದೊಂದು ಹಾಳೆ ಸಿದ್ಧಪಡಿಸಿದೆ. ಆ ದಿನದ ದಾಖಲೆಯ ಸಾರ ನಾಲ್ಕೈದು ಸಾಲಿನಲ್ಲಿ, ಕೆಳಗೆ ಎರಡು ಪ್ರಶ್ನೆ: ಈ ದಿನ ಯಾರಿಗೆ ಏನು ಗೊತ್ತಿತ್ತು? ಇಂದು ಏನನ್ನಾದರೂ ಬದಲಿಸುವ ಶಕ್ತಿ ಯಾರ ಕೈಯಲ್ಲಿತ್ತು? ನಿಯಮ ಒಂದೇ. ಮುಂದಿನ ಹಾಳೆ ಕೈಗೆ ಬರುವವರೆಗೆ ಮುಂದಿನದನ್ನು ಯಾರೂ ಬಾಯಿಬಿಡಬಾರದು. ಕಥೆಯ ಕೊನೆ ಎಲ್ಲರಿಗೂ ಗೊತ್ತಿದ್ದರೂ ಈ ನಿಯಮವನ್ನು ಅವರು ಆಟದಂತೆ ಪಾಲಿಸಿದರು.

ಮೊದಲ ಹಾಳೆ ಮೇ 10 ಮತ್ತು 11ರದ್ದು. ಬಾಂಬು ತಯಾರಾಗುತ್ತಿದ್ದ ಲಾಸ್ ಅಲಾಮಾಸ್ ಪ್ರಯೋಗಾಲಯದಲ್ಲಿ, ಯಾವ ಊರಿನ ಮೇಲೆ ಹಾಕಬೇಕೆಂದು ಸೂಚಿಸುವ ಗುರಿ ಸಮಿತಿ ಸೇರಿತ್ತು. ಕ್ಯೋಟೋ ಏಕೆ ಒಳ್ಳೆಯ ಗುರಿ? ಅದು ಬುದ್ಧಿವಂತರ ಊರು, ಇಂಥ ಅಸ್ತ್ರದ ಅರ್ಥ ಅಲ್ಲಿನವರಿಗೆ ಚೆನ್ನಾಗಿ ಆಗುತ್ತದೆ ಎಂಬ ಕಾರಣ ಅದರಲ್ಲಿದೆ. ಹಿರೋಶಿಮಾ ಏಕೆ? ಸುತ್ತಲಿನ ಗುಡ್ಡಗಳು ಸ್ಫೋಟದ ಹೊಡೆತವನ್ನು ಕೇಂದ್ರೀಕರಿಸಿ ಹಾನಿ ಹೆಚ್ಚಿಸಬಹುದು. ಗುಡ್ಡದ ವಾಕ್ಯ ಓದಿದಾಗ ತರಗತಿ ಮೊದಲ ಬಾರಿಗೆ ಸುಮ್ಮನಾಯಿತು. ಎರಡನೆಯ ದಿನ ನಾನು ತೋರಿಸಿದ ಅಷ್ಟೂ ಚಿತ್ರಗಳು ಮಾಡಲಾಗದ್ದನ್ನು ಒಂದು ಭೂಗೋಳದ ವಾಕ್ಯ ಮಾಡಿತು.

ಎರಡನೆಯದು ಮೇ 31: ಬಾಂಬಿನ ಬಗ್ಗೆ ಅಧ್ಯಕ್ಷರಿಗೆ ಸಲಹೆ ಕೊಡುವ ಮಧ್ಯಂತರ ಸಮಿತಿಯ ಸಭೆ. ಬಹಳ ಕಾರ್ಮಿಕರು ದುಡಿಯುವ, ಅವರ ಮನೆಗಳು ಒತ್ತಾಗಿ ಸುತ್ತುವರಿದ ಒಂದು ಮುಖ್ಯ ಯುದ್ಧ ಕಾರ್ಖಾನೆ ಅತ್ಯಂತ ಸೂಕ್ತ ಗುರಿ ಎಂದು ಕೊನಾಂಟ್ ಸೂಚಿಸಿದರು, ಸ್ಟಿಮ್ಸನ್ ಒಪ್ಪಿದರು. ‘ಹಾಗಾದರೆ ಗುರಿ ಕಾರ್ಖಾನೆಯೋ, ಮನೆಗಳೋ?’ ಎಂದು ಒಬ್ಬಳು ಕೇಳಿದಳು. ವಾಕ್ಯವನ್ನು ಮತ್ತೆ ಓದಿ ಎಂದಷ್ಟೇ ಹೇಳಿದೆ. ಅದೇ ಸ್ಟಿಮ್ಸನ್ ಕ್ಯೋಟೋವನ್ನು ಪಟ್ಟಿಯಿಂದ ತೆಗೆಸಲು ಕೊನೆಯವರೆಗೂ ಹೋರಾಡಿ ತೆಗೆಸಿದರು. ಕ್ಯೋಟೋ ಬಿಟ್ಟುಹೋಯಿತು, ಕೊನೆಗಳಿಗೆಯಲ್ಲಿ ನಾಗಸಾಕಿ ಸೇರಿತು. ಮಕ್ಕಳಿಗೆ ಸ್ಟಿಮ್ಸನ್ ಒಳ್ಳೆಯವರೋ ಕೆಟ್ಟವರೋ ಎಂದು ತೀರ್ಮಾನಿಸುವುದು ಇಲ್ಲಿಂದ ಕಷ್ಟವಾಯಿತು. ಕಷ್ಟವಾಗಲೆಂದೇ ನಾನು ಆ ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟಿದ್ದೆ.

ಜೂನ್ 11ರಂದು ಬಾಂಬು ಯೋಜನೆಯ ಷಿಕಾಗೋ ವಿಜ್ಞಾನಿಗಳು ಜೇಮ್ಸ್ ಫ್ರಾಂಕ್ ನೇತೃತ್ವದಲ್ಲಿ ಕೊಟ್ಟ ವರದಿ, ಜನವಿಲ್ಲದ ಜಾಗದಲ್ಲಿ ಎಲ್ಲ ದೇಶಗಳ ಪ್ರತಿನಿಧಿಗಳ ಕಣ್ಣೆದುರು ಬಾಂಬನ್ನು ಸಿಡಿಸಿ ತೋರಿಸಿ ಎಂದಿತ್ತು. ಬಾಂಬು ಬಳಸುವ ಮುನ್ನ ಜಪಾನಿಗೆ ಶರಣಾಗಲು ಅವಕಾಶ ಕೊಡಿ ಎಂದ, ಜುಲೈ 17ರ ತಾರೀಕಿನ ವಿಜ್ಞಾನಿ ಲಿಯೋ ಸಿಲಾರ್ಡ್ ಮನವಿಗೆ 70 ಮಂದಿ ಸಹಿ ಹಾಕಿದ್ದರು. ಅದು ಟ್ರೂಮನ್ ಕೈ ಸೇರಲೇ ಇಲ್ಲ. ಈ ಎರಡು ಹಾಳೆಗಳನ್ನು ಬೇಗ ಮುಗಿಸಿದೆ. ಮಕ್ಕಳು ವಿಜ್ಞಾನಿಗಳನ್ನು ನಾಯಕರನ್ನಾಗಿ ಮಾಡಿಕೊಂಡು ಅಲ್ಲೇ ನೆಮ್ಮದಿಯಾಗಿ ಕುಳಿತುಬಿಡುವ ಅಪಾಯ ಕಾಣಿಸಿತು.

ಆಮೇಲೆ ಜುಲೈ 25. ಈ ಒಂದು ದಿನಕ್ಕೆ ಇಡೀ ಒಂದು ಅವಧಿ ಹಿಡಿಯಿತು. ಅಂದು ಟ್ರೂಮನ್ ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿದ್ದರು. ದಿನಚರಿಯಲ್ಲಿ ಬರೆದರು: ಸೈನಿಕ ನೆಲೆಗಳು, ಸೈನಿಕರು, ನಾವಿಕರು ಗುರಿಯಾಗಬೇಕು, ಹೆಂಗಸರು ಮಕ್ಕಳಲ್ಲ ಎಂದು ಸ್ಟಿಮ್ಸನ್‌ಗೆ ಹೇಳಿದ್ದೇನೆ ಎಂದು. ಅದೇ ದಿನ ವಾಷಿಂಗ್ಟನ್‌ನಿಂದ ಹಂಗಾಮಿ ಸೇನಾ ಮುಖ್ಯಸ್ಥ ಜನರಲ್ ಹ್ಯಾಂಡಿ ಹೆಸರಿನಲ್ಲಿ ವಾಯುಪಡೆಯ ಜನರಲ್ ಸ್ಪಾಟ್ಜ್‌ಗೆ ಆದೇಶ ಹೊರಟಿತು: ಸುಮಾರು ಆಗಸ್ಟ್ 3ರ ನಂತರ, ಹವಾಮಾನ ಒದಗಿದ ಕೂಡಲೇ, ಹಿರೋಶಿಮಾ, ಕೊಕುರಾ, ನಿಗಾಟಾ, ನಾಗಸಾಕಿ ಇವುಗಳಲ್ಲಿ ಒಂದರ ಮೇಲೆ ಮೊದಲ ವಿಶೇಷ ಬಾಂಬು, ಮುಂದಿನವು ಸಿದ್ಧವಾದಂತೆಲ್ಲ ಇವೇ ಗುರಿಗಳ ಮೇಲೆ.

ತರಗತಿಯ ಅರ್ಧಕ್ಕೆ ದಿನಚರಿ, ಇನ್ನರ್ಧಕ್ಕೆ ಆದೇಶ ಹಂಚಿದೆ. ತಾವು ಓದಿದ್ದರ ಆಧಾರದ ಮೇಲೆ, ‘ಏನು ನಡೆಯಲಿದೆ’ ಎಂದು ಎರಡೂ ಗುಂಪು ವಿವರಿಸಬೇಕು. ದಿನಚರಿ ಗುಂಪು ಒಂದು ಸೈನಿಕ ನೆಲೆಯನ್ನು ವರ್ಣಿಸಿತು. ಆದೇಶದ ಗುಂಪು ನಾಲ್ಕು ಊರುಗಳ ಹೆಸರು ಓದಿತು. ಕೆಲ ಹೊತ್ತು ಒಬ್ಬರನ್ನೊಬ್ಬರು ತಪ್ಪು ಓದಿದ್ದೀರಿ ಎಂದು ದೂರಿದರು. ಹಿರೋಶಿಮಾದಲ್ಲಿ ಸೇನೆಯ ದೊಡ್ಡ ಕೇಂದ್ರ ಕಚೇರಿ ಇದ್ದದ್ದು ನಿಜ. ಆದರೆ ಬಾಂಬಿನ ಗುರಿಬಿಂದು ಊರ ನಡುವಿನ ಒಂದು ಸೇತುವೆ. ಟ್ರೂಮನ್ ಸುಳ್ಳು ಬರೆದರೇ, ತಮಗೆ ತಾವೇ ಹೇಳಿಕೊಂಡರೇ, ಅಥವಾ ತಿಳಿದಿರಲಿಲ್ಲವೇ? ಇತಿಹಾಸಕಾರರು ಇವತ್ತಿಗೂ ಇದರ ಮೇಲೆ ವಾದಿಸುತ್ತಾರೆ. ನಾನು ತೀರ್ಪು ಕೊಡಲಿಲ್ಲ. ಒಂದು ವಿಷಯ ಮಾತ್ರ ತೋರಿಸಿದೆ: ‘ಸಿದ್ಧವಾದಂತೆಲ್ಲ’ ಎಂಬ ಪದದಲ್ಲಿ ಎರಡನೆಯ ಬಾಂಬಿನ ಅಪ್ಪಣೆಯೂ ಅಡಗಿದೆ. ನಾಗಸಾಕಿಗೆ ವಾಷಿಂಗ್ಟನ್‌ನಿಂದ ಬೇರೆ ಆದೇಶ ಹೊರಡಲಿಲ್ಲ.

ಅದರಿಂದಾಗಿ ಆಗಸ್ಟ್ 9ರ ಹಾಳೆ ಬೇರೆಯೇ ರೀತಿ ಓದಿಸಿಕೊಂಡಿತು. ಅಂದಿನ ಮೊದಲ ಗುರಿ ನಾಗಸಾಕಿಯಲ್ಲ, ಕೊಕುರಾ. ಮೋಡ ಮತ್ತು ಹೊಗೆಯಿಂದ ಗುರಿ ಕಾಣಲಿಲ್ಲ. ವಿಮಾನ ಮೂರು ಸುತ್ತು ಹೊಡೆದು ನಾಗಸಾಕಿಗೆ ತಿರುಗಿತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಉರಾಕಾಮಿ ಕಣಿವೆಯ ಮೇಲೆ ಬಾಂಬು ಸಿಡಿಯಿತು. ಅದೇ ದಿನ ಬೆಳಗಾಗುವ ಮೊದಲೇ ಸೋವಿಯತ್ ಸೇನೆ ಮಂಚೂರಿಯಾದೊಳಗೆ ನುಗ್ಗಿತ್ತು. ಟೋಕಿಯೋದಲ್ಲಿ ಆರು ಜನರ ಪರಮೋಚ್ಚ ಯುದ್ಧ ಮಂಡಳಿ ಶರಣಾಗತಿಯ ಷರತ್ತುಗಳ ಬಗ್ಗೆ ವಾದಿಸುತ್ತಿದ್ದಾಗಲೇ ನಾಗಸಾಕಿಯ ಸುದ್ದಿ ಬಂತು. ಆಮೇಲೂ ಮತ ಮೂರಕ್ಕೆ ಮೂರೇ ಉಳಿಯಿತು. ಆ ರಾತ್ರಿ ಚಕ್ರವರ್ತಿಯ ಮಾತಿನಿಂದ ಕಗ್ಗಂಟು ಬಿಚ್ಚಿತು. ಬಾಂಬು ಶರಣಾಗತಿ ತಂದಿತೋ, ಸೋವಿಯತ್ ಪ್ರವೇಶ ತಂದಿತೋ, ಎರಡೂ ಸೇರಿಯೋ ಎಂಬ ಪ್ರಶ್ನೆಯನ್ನು ನಾನು ಎತ್ತಬೇಕಾಗಲಿಲ್ಲ. ದಿನಾಂಕಗಳೇ ಎತ್ತಿದವು.

ಕೊನೆಯ ಹಾಳೆ ಆಗಸ್ಟ್ 10. ಮೂರನೆಯ ಬಾಂಬು ಆಗಸ್ಟ್ 17 ಅಥವಾ 18ರ ನಂತರ ಸಿದ್ಧ ಎಂದು ಬಾಂಬು ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ತಿಳಿಸಿದರು. ಅಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಅದನ್ನು ಪ್ರಯೋಗಿಸಕೂಡದು ಎಂದು ಮಾರ್ಷಲ್ ಅದೇ ಕಾಗದದ ಮೇಲೆ ಬರೆದರು. ಅಂದಿನ ಸಂಪುಟ ಸಭೆಯ ಬಗ್ಗೆ ವಾಣಿಜ್ಯ ಸಚಿವ ಹೆನ್ರಿ ವ್ಯಾಲೇಸ್ ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ: ಇನ್ನೂ ಒಂದು ಲಕ್ಷ ಜನರನ್ನು ಅಳಿಸಿಹಾಕುವುದು ಯೋಚಿಸಲಿಕ್ಕೂ ಭಯಂಕರ ಎಂದು ಟ್ರೂಮನ್ ಹೇಳಿದರು, ‘ಅಷ್ಟೊಂದು ಮಕ್ಕಳು’ ಎಂದರು.

ಚರ್ಚೆ ಗೆದ್ದ ಹುಡುಗ ಈ ಹಾಳೆಯನ್ನು ಎರಡು ಸಲ ಓದಿದ. ‘ಹಾಗಾದರೆ ಅವರು ತಾವಾಗಿ ಕೊಟ್ಟ ಸ್ಪಷ್ಟ ಆದೇಶ ನಿಲ್ಲಿಸಿ ಎಂಬುದೇ?’ ಎಂದ. ಅಷ್ಟು ನೇರವಾಗಿ ಹೇಳಲಾಗದು, ಜುಲೈಯಲ್ಲಿ ಅವರು ತಡೆಯದೆ ಬಿಟ್ಟದ್ದೂ ಒಂದು ನಿರ್ಧಾರವೇ, ಎಂದೆ. ಆದರೆ ಅವನ ಮಾತಿನಲ್ಲಿ ನನ್ನ ಇಡೀ ಮೂರನೆಯ ಅವಧಿಯನ್ನು ಬುಡಮೇಲು ಮಾಡುವಷ್ಟು ಶಕ್ತಿ ಇತ್ತು.

ಮೋಡದ ಕೆಳಗೆ

ನೆಲದ ಮೇಲೆ ಏನಾಯಿತೆಂಬುದನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಹಿಂದಿನ ಅನುಭವದಿಂದ ಚಿತ್ರಗಳ ರಾಶಿಗೆ ಮತ್ತೆ ಕೈ ಹಾಕುವ ಧೈರ್ಯವೂ ಇರಲಿಲ್ಲ. ಸಹೋದ್ಯೋಗಿಯೊಬ್ಬರು ಕಾಗದದ ಕೊಕ್ಕರೆ ಮಡಿಸುವ ಚಟುವಟಿಕೆ ಮಾಡಿಸಿ ಎಂದು ಸಲಹೆ ಕೊಟ್ಟರು. ಹಿರೋಶಿಮಾದ ವಿಕಿರಣದಿಂದ ಕಾಯಿಲೆ ಬಿದ್ದು, ಕಾಗದದ ಕೊಕ್ಕರೆ ಮಡಿಸುತ್ತಾ ದಿನ ಕಳೆದು ಸತ್ತ ಬಾಲಕಿ ಸಡಾಕೋ ಸಸಾಕಿಯ ಕಥೆ ನನಗೂ ಪ್ರಿಯವೇ. ಆದರೆ ಕೈಗೆ ಕೆಲಸ ಸಿಕ್ಕ ತಕ್ಷಣ ಮನಸ್ಸು ಹಗುರಾಗುತ್ತದೆ, ಅಷ್ಟು ಬೇಗ ಹಗುರಾಗುವುದು ನನಗೆ ಬೇಡವಾಗಿತ್ತು. ಒಂದು ಫೋಟೋ ಮತ್ತು ಒಂದು ವಸ್ತು, ಅಷ್ಟಕ್ಕೆ ನಿಲ್ಲಿಸುವುದೆಂದು ತೀರ್ಮಾನಿಸಿದೆ. ಏನು ತೋರಿಸುತ್ತೇನೆಂದು ಹಿಂದಿನ ದಿನವೇ ತಿಳಿಸಿದೆ. ಬೇಡವೆನಿಸಿದವರು ಗ್ರಂಥಾಲಯದಲ್ಲಿ ಕೂರಬಹುದೆಂದೆ. ಯಾರೂ ಹೋಗಲಿಲ್ಲ. ಅಂದು ಎದ್ದುಹೋಗಿದ್ದ ಹುಡುಗಿಯೂ ಉಳಿದಳು.

ನಾವೆಲ್ಲ ನೋಡಿರುವ ಹಿರೋಶಿಮಾದ ಮೋಡದ ಚಿತ್ರವನ್ನು ತೆಗೆದದ್ದು ಬಾಂಬು ಹಾಕಿದ ವಿಮಾನದ ಬಾಲದಲ್ಲಿ ಕುಳಿತಿದ್ದ ಸೈನಿಕ. ಅದೇ ದಿನ ಕೆಳಗೆ, ಊರಿನೊಳಗೆ, ಚೂಗೋಕು ಶಿಂಬುನ್ ಪತ್ರಿಕೆಯ ಛಾಯಾಗ್ರಾಹಕ ಯೋಶಿತೋ ಮಾತ್ಸುಶಿಗೆ ಕ್ಯಾಮೆರಾ ಹಿಡಿದು ತಿರುಗಾಡುತ್ತಿದ್ದರು. ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಸ್ಫೋಟ. ಸುಮಾರು 11ರ ಹೊತ್ತಿಗೆ ಅವರು ಮಿಯುಕಿ ಸೇತುವೆಯ ಬಳಿ ಮೊದಲ ಚಿತ್ರ ತೆಗೆದರು. ಇಡೀ ದಿನದಲ್ಲಿ ಅವರು ತೆಗೆದದ್ದು ಐದೇ ಚಿತ್ರ. ಗುಂಡಿ ಒತ್ತಲು ಕೈ ಬರಲಿಲ್ಲ ಎಂದು ಅವರೇ ಮುಂದೆ ಹಲವು ಸಲ ಹೇಳಿದ್ದಾರೆ. ಮಿಯುಕಿ ಸೇತುವೆಯ ಚಿತ್ರದಲ್ಲಿ ಜನ ಬೆನ್ನು ತಿರುಗಿಸಿ ಕುಳಿತಿದ್ದಾರೆ, ಹೆಚ್ಚಿನ ಮುಖಗಳು ಕಾಣುವುದಿಲ್ಲ. ಎಷ್ಟು ಹೊತ್ತು ನೋಡಿದರೂ ಕಣ್ಣು ತಿರುಗಿಸಬೇಕೆನಿಸದ, ಆದರೆ ಏನೂ ಮುಚ್ಚಿಡದ ಚಿತ್ರ. ಮೋಡವನ್ನು ಮೇಲಿನಿಂದ ತೆಗೆದ ಚಿತ್ರದ ಪಕ್ಕದಲ್ಲಿ ಅದನ್ನು ಇಟ್ಟೆ. ಮೊದಲ ದಿನ ನಾನು ವಿಮಾನದಲ್ಲಿ ಕುಳಿತು ಪಾಠ ಮಾಡಿದ್ದೆ ಎಂಬುದನ್ನು ಮಕ್ಕಳಿಗೂ ಹೇಳಿದೆ.

ವಸ್ತು, ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿರುವ ಒಂದು ಊಟದ ಡಬ್ಬಿ. ಒಳಗಿನ ಅನ್ನ ಇದ್ದಿಲಾಗಿದೆ. ಮಾಧ್ಯಮಿಕ ಶಾಲೆಯ ಮೊದಲ ವರ್ಷದ ಹುಡುಗನ ಡಬ್ಬಿ ಅದು. ಅವನ ದೇಹವನ್ನು ತಾಯಿ ಗುರುತಿಸಿದ್ದು ಅದರಿಂದ. ಆ ಬೆಳಿಗ್ಗೆ ಅವನು ಅಲ್ಲಿ ಏಕಿದ್ದ ಎಂಬುದು ಪಾಠಕ್ಕೆ ಮುಖ್ಯ. ವಾಯುದಾಳಿಯ ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಶಾಲಾ ಮಕ್ಕಳನ್ನು ಹಚ್ಚಲಾಗಿತ್ತು. ಅಂದು ಹಿರೋಶಿಮಾದಲ್ಲಿ ಆ ಕೆಲಸಕ್ಕೆ ಬಂದಿದ್ದವರು ಎಂಟು ಸಾವಿರಕ್ಕೂ ಹೆಚ್ಚು, ಬಹುಪಾಲು ಹನ್ನೆರಡು ಹದಿಮೂರರ ವಯಸ್ಸಿನವರು. ಸುಮಾರು ಆರು ಸಾವಿರ ಮಂದಿ ಸತ್ತರು. ಅವರನ್ನು ಬಯಲಿಗೆ ತಂದು ನಿಲ್ಲಿಸಿದ್ದು ಅವರದೇ ಸರ್ಕಾರ ಎಂಬ ಮಾತು ಮಕ್ಕಳಿಂದಲೇ ಬಂತು.

ನಂತರ ಹೆಚ್ಚು ವ್ಯಾಖ್ಯಾನವಿಲ್ಲದೆ ಎರಡು ಸಂಗತಿ ಹೇಳಿದೆ. ಸತ್ತವರಲ್ಲಿ ಸಾವಿರಾರು ಕೊರಿಯನ್ನರಿದ್ದರು, ಹಲವರು ಬಲವಂತದ ದುಡಿಮೆಗೆ ಬಂದವರು. ಅವರ ಸ್ಮಾರಕ 1970ರಲ್ಲಿ ಶಾಂತಿ ಉದ್ಯಾನದ ಹೊರಗೆ ನಿಂತಿತು, ಒಳಗೆ ಜಾಗ ಸಿಕ್ಕದ್ದು 1999ರಲ್ಲಿ. ಸೆರೆಯಲ್ಲಿದ್ದ ಹನ್ನೆರಡು ಅಮೆರಿಕನ್ ಸೈನಿಕರೂ ಹಿರೋಶಿಮಾದಲ್ಲಿ ಸತ್ತರು. ‘ಅವರನ್ನು ಬೋರ್ಡಿನ ಯಾವ ಕಡೆ ಬರೆಯಬೇಕು?’ ಎಂದಳು, ಪೆನ್ಸಿಲಿನಲ್ಲಿ ಪ್ರಶ್ನೆ ಬರೆದಿದ್ದವಳು.

ಒಂದು ದೂರು

ಏಳನೆಯ ಅವಧಿಯ ಹಿಂದಿನ ದಿನ ಒಬ್ಬ ವಿದ್ಯಾರ್ಥಿಯ ತಂದೆ ಬಂದರು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ವಿಷಯಕ್ಕೆ ಇಷ್ಟು ದಿನ ಏಕೆ ಎಂಬುದು ಮೊದಲ ದೂರು. ಅದಕ್ಕೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಎರಡನೆಯದಕ್ಕೆ ಇರಲಿಲ್ಲ. ‘ಮಗ ಮನೆಯಲ್ಲಿ ಜಪಾನಿನ ಬಗ್ಗೆ ಕಣ್ಣೀರು ಹಾಕುವ ಹಾಗೆ ಮಾತಾಡುತ್ತಾನೆ. ನಾನ್‌ಜಿಂಗ್ ಎಂದರೆ ಏನೆಂದು ಕೇಳಿದೆ, ಗೊತ್ತಿಲ್ಲ ಎಂದ’ ಎಂದರು.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಹಾಳೆಗಳ ಕಾಲಗಣನೆ 1945ರ ಮೇ ತಿಂಗಳಲ್ಲಿ ಶುರುವಾಗುತ್ತಿತ್ತು. 1937ರ ಡಿಸೆಂಬರಿನಲ್ಲಿ ನಾನ್‌ಜಿಂಗ್‌ನಲ್ಲಿ ಜಪಾನಿ ಸೇನೆ ನಡೆಸಿದ ಹತ್ಯಾಕಾಂಡ, ಜಪಾನ್ ಕಟ್ಟಿಸಿದ ಬರ್ಮಾ ರೈಲುಮಾರ್ಗದಲ್ಲಿ ಯುದ್ಧಕೈದಿಗಳ ಜೊತೆ ಸತ್ತ ಹತ್ತಾರು ಸಾವಿರ ಏಷ್ಯಾದ ಕೂಲಿಗಳು, ಅವರಲ್ಲಿ ಮಲಯದ ತೋಟಗಳಿಂದ ಒಯ್ದ ತಮಿಳರು, ಇವರು ಯಾರೂ ನನ್ನ ಹಾಳೆಗಳಲ್ಲಿ ಇರಲಿಲ್ಲ. ಯುದ್ಧ ಒಂದೊಂದು ತಿಂಗಳು ಮುಂದುವರಿದಂತೆಲ್ಲ ಜಪಾನಿನ ಆಕ್ರಮಣಕ್ಕೆ ಸಿಕ್ಕಿದ ನಾಡುಗಳಲ್ಲಿ ಜನ ಸಾಯುತ್ತಲೇ ಇದ್ದರು. ‘ಸರಿ’ ತಂಡದ ವಾದಕ್ಕೆ ಹತ್ತು ಲಕ್ಷಕ್ಕಿಂತ ಗಟ್ಟಿಯಾದ ಆಧಾರ ಇದು. ಆದರೆ ಆ ತಂಡಕ್ಕೆ ಅದು ಗೊತ್ತೇ ಇರಲಿಲ್ಲ, ಏಕೆಂದರೆ ಅದನ್ನು ನಾನು ಕಲಿಸಿರಲಿಲ್ಲ. ಏಳನೆಯ ಅವಧಿ ಪೂರ್ತಿ ಇದಕ್ಕೆ ಹೋಯಿತು. ಅವಸರದಲ್ಲಿ ಮಾಡಿದ ಪಾಠ, ಚೆನ್ನಾಗಿ ಆಗಲಿಲ್ಲ.

ನಾನ್‌ಜಿಂಗ್ ಕೇಳಿದ ಕೂಡಲೇ ಕೆಲವರು ‘ಹಾಗಾದರೆ ಸರಿಯಾಯಿತು’ ಎಂದರು. ಊಟದ ಡಬ್ಬಿಯ ಹುಡುಗ 1937ರಲ್ಲಿ ಎಷ್ಟು ವರ್ಷದವನಿದ್ದ ಎಂದು ಲೆಕ್ಕ ಹಾಕಿ ಎಂದೆ. ನಾಲ್ಕೋ ಐದೋ. ಆಮೇಲೆ ಆ ಮಾತು ಮತ್ತೆ ಬರಲಿಲ್ಲ.

ಬರೆದದ್ದು

ಕೊನೆಗೆ ಪ್ರಬಂಧದ ಪ್ರಶ್ನೆ ಹೀಗಿತ್ತು: ಮೇ 10ರಿಂದ ಆಗಸ್ಟ್ 10ರ ನಡುವೆ ಒಂದು ದಿನವನ್ನು ಆರಿಸಿ. ಆ ದಿನ ಬೇರೆ ದಾರಿ ಹಿಡಿಯಲು ಯಾರಿಂದ ಸಾಧ್ಯವಿತ್ತು? ಅವರಿಗೆ ಅಂದು ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ? ಆ ದಾರಿಯ ಬೆಲೆ ಯಾರು ತೆರಬೇಕಾಗುತ್ತಿತ್ತು? ಕೊನೆಯ ಉಪಪ್ರಶ್ನೆ ದೂರು ಕೊಟ್ಟವರ ಕಾಣಿಕೆ.

ಜೊತೆಗೆ ಎರಡು ಯುದ್ಧಾನಂತರದ ತೀರ್ಪುಗಳನ್ನು ಕೊಟ್ಟಿದ್ದೆ. ಸ್ಟಿಮ್ಸನ್ ಲೇಖನ ಒಂದು. ಇನ್ನೊಂದು, 1946ರ ಅಮೆರಿಕದ ಬಾಂಬುದಾಳಿ ಸಮೀಕ್ಷೆಯ ಮಾತು: ಬಾಂಬು ಹಾಕದಿದ್ದರೂ, ಸೋವಿಯತ್ ಬರದಿದ್ದರೂ, ದಂಡಯಾತ್ರೆ ಇಲ್ಲದಿದ್ದರೂ ಜಪಾನ್ 1945ರ ಡಿಸೆಂಬರ್ 31ರೊಳಗೆ ಖಂಡಿತ ಶರಣಾಗುತ್ತಿತ್ತು. ‘ತಪ್ಪು’ ತಂಡದವರು ಈ ಎರಡನೆಯದನ್ನು ಹಬ್ಬದಂತೆ ಎತ್ತಿಕೊಂಡರು. ಎರಡೂ ಆಮೇಲೆ ಬರೆದವು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಂದಾಗ ಅವರಿಗೆ ನನ್ನ ಮೇಲೆ ಸ್ವಲ್ಪ ಮುನಿಸು ಬಂತು.

ಹೆಚ್ಚಿನವರು ಜುಲೈ 25 ಆರಿಸಿದರು. ನಿರೀಕ್ಷಿತವೇ. ಕೆಲವರು ಆಗಸ್ಟ್ 7 ಮತ್ತು 8ನ್ನು ಆರಿಸಿ, ಹಿರೋಶಿಮಾದ ಅರ್ಥ ಟೋಕಿಯೋಗೆ ತಲುಪಲು ಮೂರು ದಿನ ಸಾಕೇ ಎಂದು ಕೇಳಿದರು. ಎದ್ದುಹೋಗಿದ್ದ ಹುಡುಗಿ ಅಮೆರಿಕವನ್ನು ಬಿಟ್ಟು ಟೋಕಿಯೋದ ಆರು ಜನರ ಕೋಣೆಗೆ ಹೋದಳು: ಜಪಾನ್ ಶರಣಾಗಬೇಕೆಂದು ಕರೆ ಕೊಟ್ಟ ಪೋಟ್ಸ್‌ಡಾಮ್ ಘೋಷಣೆ ಬಂದ ಜುಲೈ 26ರ ಮರುದಿನ, ಇನ್ನೂ ಯಾವ ಬಾಂಬೂ ಬಿದ್ದಿರದ ದಿನ, ಆ ಆರರಲ್ಲಿ ಒಬ್ಬರು ಮನಸ್ಸು ಬದಲಿಸಿದ್ದರೆ ಎಂದು. ನಾನು ಅವರೆಲ್ಲರ ಶಕ್ತಿಯನ್ನು ಒಂದು ಹಾಳೆಯ ಕೊನೆಯಲ್ಲಿ ಎರಡು ಸಾಲಿಗೆ ಇಳಿಸಿದ್ದೆ, ಅವಳು ಅದನ್ನು ಮೂರು ಪುಟ ಮಾಡಿದ್ದಳು.

ಹಿಂದಿನ ಬೆಂಚಿನಲ್ಲಿ ನಕ್ಕಿದ್ದವನು ನಿಯಮ ಮುರಿದು ಮಾರ್ಚ್ 10 ಎಂದು ಬರೆದ. ಆ ರಾತ್ರಿ ಟೋಕಿಯೋದ ಮೇಲೆ ಬೆಂಕಿಬಾಂಬುಗಳ ಮಳೆ ಸುರಿದು ಸುಮಾರು ಒಂದು ಲಕ್ಷ ಜನ ಸತ್ತಿದ್ದರು, ಒಂದೇ ಒಂದು ಅಣುಬಾಂಬು ಇಲ್ಲದೆ. ‘ಊರನ್ನು ಸುಡಬಹುದು ಎಂದು ಅಷ್ಟರಲ್ಲೇ ತೀರ್ಮಾನವಾಗಿತ್ತು. ಆಗಸ್ಟಿನಲ್ಲಿ ಬದಲಾದದ್ದು ವಿಮಾನಗಳ ಸಂಖ್ಯೆ’ ಎಂದು ಅವನ ವಾದ. ಕೊಟ್ಟ ಅವಧಿಯ ಹೊರಗಿನ ದಿನಾಂಕ ಎಂದು ನಾನು ಮೊದಲು ಅಂಕ ಕಳೆದೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಕೆಂಪು ಶಾಯಿಯನ್ನು ಹೊಡೆದುಹಾಕಿ ತರಗತಿಯಲ್ಲೇ ಅತಿ ಹೆಚ್ಚಿನ ಅಂಕ ಕೊಟ್ಟೆ. ಅವನು ಕಡೆಗಣಿಸಿದ ಒಂದು ವಿಷಯವೂ ಇತ್ತು: ಬಾಂಬಿನ ನಂತರವೂ ವರ್ಷಗಟ್ಟಲೆ ಕೊಲ್ಲುವ ವಿಕಿರಣ ಮಾರ್ಚಿನ ಬೆಂಕಿಯಲ್ಲಿರಲಿಲ್ಲ. ಅದನ್ನು ಅಂಚಿನಲ್ಲಿ ಬರೆದುಕೊಟ್ಟೆ.

ಚರ್ಚೆ ಗೆದ್ದವನು ತನ್ನ ನಿಲುವನ್ನು ಬಿಡಲಿಲ್ಲ. ಹಿರೋಶಿಮಾ ಅನಿವಾರ್ಯವಾಗಿತ್ತು ಎಂದೇ ಬರೆದ. ಈ ಸಲ ಹತ್ತು ಲಕ್ಷದ ಮೊರೆ ಹೋಗಲಿಲ್ಲ, ಒಕಿನಾವಾ ಮತ್ತು ಕ್ಯೂಶೂವಿನ ಸೇನಾ ಜಮಾವಣೆಯಿಂದ ವಾದ ಕಟ್ಟಿದ. ನಾಗಸಾಕಿಯ ಬಗ್ಗೆ ಒಂದು ಪ್ಯಾರಾ ಬರೆದು ಹೊಡೆದುಹಾಕಿದ್ದ, ಅದರಡಿ ಮತ್ತೊಂದು ಬರೆದು ಅದನ್ನೂ ಹೊಡೆದುಹಾಕಿದ್ದ. ಪುಟದ ಕೆಳಗೆ ನನಗೊಂದು ಪ್ರಶ್ನೆ ಇತ್ತು: ‘ಹಾಳೆಗಳು ಮೇ 10ಕ್ಕೆ ಏಕೆ ಶುರುವಾಗುತ್ತವೆ? ಪರ್ಲ್ ಹಾರ್ಬರ್‌ನಿಂದ ಶುರುಮಾಡಿದ್ದರೆ ನಾನು ಇನ್ನೂ ಸುಲಭವಾಗಿ ಗೆಲ್ಲುತ್ತಿದ್ದೆ.’

ಮುಂದಿನ ವರ್ಷದ ಹಾಳೆಗಳನ್ನು ಈಗ ತಯಾರಿಸುತ್ತಿದ್ದೇನೆ. ಗುಡ್ಡದ ಹಾಳೆ, ಜುಲೈ 25ರ ಜೋಡಿ, ಡಬ್ಬಿ ಹಾಗೆಯೇ ಇರುತ್ತವೆ. ಸಿಲಾರ್ಡ್ ಮನವಿ ಬಹುಶಃ ಬಿಟ್ಟುಹೋಗುತ್ತದೆ, ಅವಧಿ ಸಾಲದು. ನಾನ್‌ಜಿಂಗ್ ಹಿಂದಿನ ತಿಂಗಳಿಗೆ ಹೋಗುತ್ತದೆ. ಕಟ್ಟಿನ ಮೇಲೆ ದಿನಾಂಕವಿಲ್ಲದ ಒಂದು ಖಾಲಿ ಹಾಳೆ ಇಟ್ಟಿದ್ದೇನೆ; ಎಲ್ಲಿಂದ ಶುರುಮಾಡಬೇಕೆಂದು ಮೊದಲ ದಿನ ತರಗತಿಯೇ ಅದರಲ್ಲಿ ಬರೆಯಲಿ, ಬರೆದದ್ದಕ್ಕೆ ಕಾರಣ ಕೊಡಲಿ.